ಕ್ಯಾಮೆರಾ ಹಿಡಿಯಲು ಎರಡು ವರ್ಷ ಬೇಕೆ?

ಓದುಗರ ಪತ್ರ:

ಮಾನ್ಯ ಸಂಪಾದಕರಿಗೆ ನಮಸ್ಕಾರ. ನನ್ನ ಮಗಳು ಈ ವರ್ಷ ಪ್ಲಸ್ ಟು ಮುಗಿಸಿದಳು. ಹತ್ತರವರೆಗೆ ಕನ್ನಡ ಮಾಧ್ಯಮ. ಬಿ.ಕಾಂ.ಗೆ ಸೇರು, ಮುಂದೆ ಬ್ಯಾಂಕ್ ಪರೀಕ್ಷೆ ಬರೆಯಬಹುದು ಎಂದರೆ ಕೇಳುವುದಿಲ್ಲ. ಸಿನಿಮಾ, ಟಿ.ವಿ. ಕಾರ್ಯಕ್ರಮ ತಯಾರಿಸುವುದನ್ನು ಕಲಿಸುವ ಎರಡು ವರ್ಷದ ಕೋರ್ಸ್ ಇದೆಯಂತೆ, ಅಲ್ಲಿ ಪಾಠಕ್ಕಿಂತ ಕೈಕೆಲಸವೇ ಹೆಚ್ಚಂತೆ, ಅದಕ್ಕೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕ್ಯಾಮೆರಾ ಹಿಡಿಯಲು ಎರಡು ವರ್ಷ ಬೇಕೆ? ನಮ್ಮ ಪೇಟೆಯಲ್ಲಿ ಮದುವೆಯ ವಿಡಿಯೋ ಮಾಡುವ ಹುಡುಗ ಯಾವ ಕಾಲೇಜಿಗೂ ಹೋದವನಲ್ಲ; ಮದುವೆಯ ಸೀಸನ್ನಿನಲ್ಲಿ ಅವನಿಗೆ ಪುರುಸೊತ್ತಿರುವುದಿಲ್ಲ. ಮೇಲಾಗಿ ಹೆಣ್ಣುಮಗಳು, ಸಿನಿಮಾದವರ ಸುದ್ದಿಯನ್ನು ನೀವೂ ಓದುತ್ತೀರಿ. ಅತ್ತ ಕೇರಳದವರೂ ಅಲ್ಲ, ಇತ್ತ ಕರ್ನಾಟಕದವರೂ ಅಲ್ಲ ಎಂಬಂತಿರುವ ನಮ್ಮ ಮಕ್ಕಳಿಗೆ ಅಲ್ಲಿ ಜಾಗವಿದೆಯೇ? ಒಂದು ಸಂಸ್ಥೆಯ ಕರಪತ್ರವನ್ನು ಲಗತ್ತಿಸಿದ್ದೇನೆ.

ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ಒಬ್ಬ ಅಡಿಕೆ ಕೃಷಿಕ (ಹೆಸರು ಬೇಡವೆಂದು ಕೋರಿದ್ದಾರೆ)

ಸಂಪಾದಕರ ಉತ್ತರ:

ನಮಸ್ಕಾರ. ಆ ಮದುವೆ ವಿಡಿಯೋದ ಹುಡುಗನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಅರ್ಧ ವಾದ ನಿಂತಿರುವುದು ಅವನ ಮೇಲೆ. ಅವನು ಕಾಲೇಜಿಗೆ ಹೋಗಿಲ್ಲ, ನಿಜ. ಹಾಗೆಂದು ಕಲಿಯದೆ ಬಂದವನಲ್ಲ. ಯಾವುದೋ ಸ್ಟುಡಿಯೋದ ಯಜಮಾನರ ಹಿಂದೆ ಚೀಲ ಹೊತ್ತು, ಲೈಟು ಎತ್ತಿ ಹಿಡಿದು, ವಯರು ಸುತ್ತಿಟ್ಟು, ರಾತ್ರಿ ಕುಳಿತು ಆಲ್ಬಮ್ಮಿಗೆ ಫೋಟೊ ಆರಿಸಿ, ಬೈಸಿಕೊಂಡು ಕಲಿತಿರುತ್ತಾನೆ. ಅದೂ ವೃತ್ತಿ ತರಬೇತಿಯೇ. ಶುಲ್ಕದ ರಶೀದಿ ಮತ್ತು ಸರ್ಟಿಫಿಕೇಟು ಇರಲಿಲ್ಲ, ಅಷ್ಟೆ. ಆದರೆ ಆ ದಾರಿಯಲ್ಲಿ ಯಜಮಾನರಿಗೆ ಗೊತ್ತಿಲ್ಲದ್ದು ಶಿಷ್ಯನಿಗೂ ಗೊತ್ತಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಅಲ್ಲಿ ತಪ್ಪು ಮಾಡಲು ಅವಕಾಶವಿಲ್ಲ. ಕಾರ್ಡ್ ತುಂಬಿಹೋಯಿತು, ಧಾರೆ ಇನ್ನೊಮ್ಮೆ ಎರೆಯಿರಿ ಎನ್ನುವಂತಿಲ್ಲ. (ಎನ್ನುವವರೂ ಇದ್ದಾರೆ. ಆಗ ಪುರೋಹಿತರ ಮುಖ ನೋಡಬೇಕು.) ಹಾಗಾಗಿ ಹುಡುಗ ಅಪಾಯವಿಲ್ಲದ ಒಂದು ಕ್ರಮವನ್ನು ಬೇಗನೆ ರೂಢಿಸಿಕೊಂಡು ವರ್ಷಗಟ್ಟಲೆ ಅದರಲ್ಲೇ ಇದ್ದುಬಿಡುತ್ತಾನೆ. ಒಳ್ಳೆಯ ತರಬೇತಿ ಶಾಲೆಗೆ ನೀವು ದುಡ್ಡು ಕೊಡುವುದು ಮುಖ್ಯವಾಗಿ ತಪ್ಪು ಮಾಡುವ ಅವಕಾಶಕ್ಕೆ, ಆ ತಪ್ಪನ್ನು ಪಕ್ಕದಲ್ಲಿ ಕುಳಿತು ತೋರಿಸಿಕೊಡುವವರಿಗೆ.

ನಮ್ಮ ಊರಿನದೇ ಉದಾಹರಣೆ ನೋಡಿ. ಈಗ ಎಲ್ಲಿ ಯಕ್ಷಗಾನ ಬಯಲಾಟವಿದ್ದರೂ ರಂಗಸ್ಥಳದ ಎದುರು ಒಂದೆರಡು ಕ್ಯಾಮೆರಾ ನಿಂತಿರುತ್ತವೆ. ಯೂಟ್ಯೂಬಿನಲ್ಲಿ ನೇರ ಪ್ರಸಾರ, ಗಲ್ಫಿನಲ್ಲಿರುವ ನಮ್ಮವರು ಕೋಣೆಯಲ್ಲಿ ಕುಳಿತು ನೋಡುತ್ತಾರೆ. ಚಿತ್ರ ಅನೇಕ ಕಡೆ ಪರವಾಗಿಲ್ಲ. ಧ್ವನಿ ಮಾತ್ರ ಕೇಳಲಾಗದು. ಭಾಗವತರ ನಿಧಾನದ ಪದಕ್ಕೆ ಹೊಂದುವಂತೆ ಧ್ವನಿಮುದ್ರಣದ ಮಟ್ಟ ಇಟ್ಟುಕೊಂಡರೆ ಚೆಂಡೆಗೆ ಕೋಲು ಬಿದ್ದ ಕೂಡಲೇ ಸದ್ದು ಒಡೆಯುತ್ತದೆ. ಡಿಜಿಟಲ್ ಧ್ವನಿಮುದ್ರಣದಲ್ಲಿ 0 ಡೆಸಿಬಲ್ ಎಂಬುದು ಕೊನೆಯ ಮಿತಿ. ಅದನ್ನು ಮೀರಿದ ಸದ್ದಿನ ತುದಿ ಕತ್ತರಿಸಿಹೋಗುತ್ತದೆ, ಎಡಿಟಿಂಗಿನಲ್ಲಿ ಅದನ್ನು ಮೊದಲಿನಂತೆ ಮಾಡಲಾಗದು. ಕ್ಯಾಮೆರಾವೇ ಮಟ್ಟ ನೋಡಿಕೊಳ್ಳಲಿ ಎಂದು 'ಆಟೋ'ಗೆ ಬಿಟ್ಟರೆ ಇನ್ನೊಂದು ರಗಳೆ: ಚೆಂಡೆಯ ಅಬ್ಬರಕ್ಕೆ ಯಂತ್ರ ಎಲ್ಲವನ್ನೂ ತಗ್ಗಿಸುತ್ತದೆ, ಚೆಂಡೆ ನಿಂತ ಮೇಲೆ ಭಾಗವತರ ಸ್ವರ ಪಾತಾಳದಿಂದ ಮೆಲ್ಲನೆ ಏರಿ ಬರುತ್ತದೆ. ಪದದ ಮೊದಲ ಸಾಲು ಹೋದಂತೆಯೇ.

ಧ್ವನಿಗ್ರಹಣ ಕಲಿತವರು ಇದನ್ನೇ ಬೇರೆ ರೀತಿ ಮಾಡುತ್ತಾರೆ. ಆಟಕ್ಕೆ ಮುನ್ನ 'ಕೇಳಿ' (ಆಟವಿದೆಯೆಂದು ಸಾರುವ ಚೆಂಡೆ, ಮದ್ದಳೆಯ ವಾದನ) ಬಡಿಯುವಾಗಲೇ ಬಂದು, ಅತಿ ಜೋರಿನ ಪೆಟ್ಟು ಮೈನಸ್ 6 ಡೆಸಿಬಲ್ ದಾಟದಂತೆ ಮಟ್ಟ ಹಿಡಿಯುತ್ತಾರೆ. ಮೈಕಿನವರ ಮಿಕ್ಸರಿನಿಂದ ಭಾಗವತರ ಸ್ವರಕ್ಕೆ ಒಂದು ಪ್ರತ್ಯೇಕ ವಯರು ಎಳೆದುಕೊಳ್ಳುತ್ತಾರೆ, ಚೆಂಡೆಗೆ ಬೇರೆ ಮೈಕು, ಸಭೆಯ ಸದ್ದಿಗೆ ಮತ್ತೊಂದು. ಮುಖ್ಯ ಧ್ವನಿಯ ಇನ್ನೊಂದು ಪ್ರತಿಯನ್ನು ಹತ್ತು ಡೆಸಿಬಲ್ ತಗ್ಗಿಸಿ ಜೊತೆಗೇ ದಾಖಲಿಸುತ್ತಾರೆ. ಮೊದಲನೆಯದು ಒಡೆದರೆ ಎರಡನೆಯದು ಇರುತ್ತದೆ. ವೇದಿಕೆಯ ವಿದ್ಯುತ್ ದೀಪದ ವಯರಿನ ಪಕ್ಕದಲ್ಲೇ ಮೈಕಿನ ವಯರು ಹಾಯಿಸಿದರೆ 50 ಹರ್ಟ್ಸಿನ ಗುಂಯ್ ಎಂಬ ಸದ್ದು ರಾತ್ರಿಯಿಡೀ ಹಿಂಬಾಲಿಸುತ್ತದೆ ಎಂಬುದೂ ಅವರಿಗೆ ಗೊತ್ತು. ಇದರಲ್ಲಿ ಯಾವುದೂ ಬ್ರಹ್ಮವಿದ್ಯೆಯಲ್ಲ. ಆದರೆ ಪುಸ್ತಕ ಓದಿ ಬರುವುದೂ ಇಲ್ಲ; ಹೆಡ್‌ಫೋನ್ ಹಾಕಿಕೊಂಡು, ಕೈ ಗುಂಡಿಯ ಮೇಲಿಟ್ಟು, ಕೆಡಿಸಿ ಕಲಿಯಬೇಕು.

ಕ್ಯಾಮೆರಾದ್ದೂ ಇದೇ ಕಥೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಟಿ.ವಿ.ಯ ಚಿತ್ರ ಸೆಕೆಂಡಿಗೆ 25 ಚೌಕಟ್ಟಿನದು. ಪ್ರತಿ ಚೌಕಟ್ಟಿಗೆ ಬೆಳಕು ಬಿಡುವ ಶಟರನ್ನು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗಕ್ಕೆ ಇಟ್ಟರೆ ಸಭಾಭವನದ ಟ್ಯೂಬ್‌ಲೈಟು ಮಿನುಗದು. ದಿಗಿಣ (ಹಾರಿ ಸುತ್ತುವ ಕುಣಿತ) ಹೊಡೆಯುವಾಗ ವೇಷಧಾರಿಯ ಮುಖಕ್ಕೆ ಝೂಮ್ ಮಾಡಿದವರು ಪಾದಗಳನ್ನೇ ಕಳೆದುಕೊಳ್ಳುತ್ತಾರೆ. ಇಂಥವನ್ನು ಕಲಿಯಲು ಒಂದೆರಡು ತಿಂಗಳು ಸಾಕು, ನಿಮ್ಮ ಸಂಶಯ ಅಷ್ಟರ ಮಟ್ಟಿಗೆ ಸರಿ. ಉಳಿದ ಕಾಲ ಹೋಗುವುದು ಇತರರೊಡನೆ ಕೆಲಸ ಮಾಡುವುದನ್ನು ಕಲಿಯಲು. ಹೊತ್ತಿಗೆ ಮುಂಚೆ ಬರುವುದು, ಪ್ರತಿ ಶಾಟಿಗೂ ಕ್ಲಾಪ್ ಹೊಡೆದು ದೃಶ್ಯದ ಸಂಖ್ಯೆ ಬರೆದಿಡುವುದು, ಸಂಜೆ ಮನೆಗೆ ಹೋಗುವ ಮುನ್ನ ದಾಖಲಾದದ್ದನ್ನು ಎರಡು ಬೇರೆ ಡಿಸ್ಕಿಗೆ ನಕಲು ಮಾಡಿ ಮೂರನೆಯದನ್ನು ಬೇರೆ ಕಡೆ ಇಡುವುದು, ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಕಾಪಾಡುವುದು. ಕಾಸರಗೋಡಿನ ಜೂನ್, ಜುಲೈ ಕಂಡವರಿಗೆ ಈ ಕೊನೆಯದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಪಾಠಕ್ಕಿಂತ ಕೈಕೆಲಸವೇ ಹೆಚ್ಚಂತೆ' ಎಂದಾಗ ನಿಮ್ಮ ಪತ್ರದಲ್ಲಿ ಒಂದು ಸಣ್ಣ ತಾತ್ಸಾರ ಇಣುಕಿದೆ. ಇದಕ್ಕೊಂದು ಹಳೆಯ ಸಂಗತಿ ಹೇಳಬೇಕು. ಕನ್ನಡನಾಡಿನಲ್ಲಿ ಸಿನಿಮಾ ಶಿಕ್ಷಣ ಆರಂಭವಾದದ್ದೇ ಪಾಲಿಟೆಕ್ನಿಕ್ಕಿನಲ್ಲಿ. 1943ರಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಛಾಯಾಗ್ರಹಣ ಮತ್ತು ಧ್ವನಿಗ್ರಹಣ ಕಲಿಸತೊಡಗಿತು. ಪುಣೆಯ ಹೆಸರಾಂತ ಚಲನಚಿತ್ರ ಶಿಕ್ಷಣ ಸಂಸ್ಥೆ ಹುಟ್ಟಿದ್ದು 1960ರಲ್ಲಿ. ಮೈಸೂರಿನ ವಿ.ಕೆ. ಮೂರ್ತಿ ಆ ಪಾಲಿಟೆಕ್ನಿಕ್ಕಿನಲ್ಲಿ ಕಲಿತು ಮುಂಬಯಿಗೆ ಹೋಗಿ ಗುರುದತ್ತರ ಛಾಯಾಗ್ರಾಹಕರಾದರು. 1959ರಲ್ಲಿ ತೆರೆಕಂಡ, ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರವಾದ 'ಕಾಗಜ್ ಕೆ ಫೂಲ್' ತೆಗೆಯುವಾಗ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಒಂದು ಬೆಳಕಿನ ಕೋಲು ಬೇಕಾಯಿತು. ದೊಡ್ಡ ದೀಪಗಳಿಂದ ಅದು ಬರಲಿಲ್ಲ. ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನೇ ಒಳಗೆ ಹಾಯಿಸಿದರು. ಆ ದೃಶ್ಯ ಇವತ್ತಿಗೂ ಛಾಯಾಗ್ರಹಣದ ತರಗತಿಗಳಲ್ಲಿ ಚರ್ಚೆಯಾಗುತ್ತದೆ. ಮೂರ್ತಿಯವರಿಗೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಮುಂದೆ ನಿರ್ದೇಶಕರಾಗಿ ಹೆಸರಾದ ಗೋವಿಂದ ನಿಹಲಾನಿಯವರೂ ಕಲಿತದ್ದು ಅಲ್ಲಿಯೇ. ಆ ವಿಭಾಗವೇ ಈಗ ಹೆಸರುಘಟ್ಟದಲ್ಲಿ ಸರಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಗಿದೆ.

ಪದವಿ ಇಲ್ಲದಿದ್ದರೆ ಮುಂದೇನು ಎಂಬ ಚಿಂತೆ ಬೇರೆ, ಅದು ನ್ಯಾಯವಾದದ್ದೇ. ಪುಣೆಯ ಹೆಚ್ಚಿನ ಕೋರ್ಸುಗಳಿಗೆ ಪದವಿ ಆಗಿರಲೇಬೇಕು. ಆದುದರಿಂದ ಪದವಿ, ಕೈಕೆಲಸ ಎರಡನ್ನೂ ಜೊತೆಗೆ ಕೊಡುವ ಬಿ.ವೋಕ್. ಎಂಬ ವೃತ್ತಿಶಿಕ್ಷಣದ ಪದವಿಯನ್ನು ನೋಡಿ. ಯು.ಜಿ.ಸಿ.ಯ ನಿಯಮದಂತೆ ಅದರಲ್ಲಿ ಶೇ. 60 ಭಾಗ ಕೌಶಲ, ಶೇ. 40 ಸಾಮಾನ್ಯ ಪಾಠ. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡಕ್ಕೆ ಉನ್ನತ ಡಿಪ್ಲೊಮಾ, ಮೂರು ಮುಗಿಸಿದರೆ ಪದವಿ. ಬ್ಯಾಂಕ್ ಪರೀಕ್ಷೆಯ ನಿಮ್ಮ ಆಸೆಯೂ ಅಲ್ಲಿಗೆ ಪೂರ್ತಿ ಸತ್ತುಹೋಗುವುದಿಲ್ಲ.

ಇನ್ನು ಕರಪತ್ರ. ಹೊಳೆಯುವ ಕಾಗದ, ತಾರೆಯರ ಫೋಟೊಗಳು, 'ಶೇಕಡಾ ನೂರು ಉದ್ಯೋಗ'. ಇಷ್ಟು ದೊಡ್ಡ ಕಾಗದದಲ್ಲಿ, ಸಂಸ್ಥೆಯಲ್ಲಿ ಎಷ್ಟು ಕ್ಯಾಮೆರಾಗಳಿವೆ, ಒಂದೊಂದಕ್ಕೆ ಎಷ್ಟು ವಿದ್ಯಾರ್ಥಿಗಳು ಎಂದು ಹೇಳಲು ಒಂದು ಸಾಲಿಗೂ ಜಾಗವಿಲ್ಲ. ಸಿನಿಮಾದಲ್ಲಿ ತಿಂಗಳ ಸಂಬಳದ ನೌಕರಿ ಎಂಬುದೇ ಅಪರೂಪ. ಒಂದು ಚಿತ್ರ ಮುಗಿದರೆ ಮುಂದಿನದು ಸಿಗುವವರೆಗೆ ಕಾಯಬೇಕು. ಟಿ.ವಿ. ವಾಹಿನಿಗಳಲ್ಲಿ ಸಂಬಳವಿದೆ, ಪಾಳಿಯೂ ಇದೆ. ನೂರಕ್ಕೆ ನೂರು ಎಂದು ಬರೆದವರಿಗೆ ಒಂದೋ ಈ ಕ್ಷೇತ್ರ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಬರೆದಿದ್ದಾರೆ. ಮುಂಗಡ ಕೊಡುವ ಮೊದಲು ಮಗಳನ್ನು ಕರೆದುಕೊಂಡು ಒಂದು ಕೆಲಸದ ದಿನ ಹೇಳದೆ ಕೇಳದೆ ಹೋಗಿ ನೋಡಿ. ಕ್ಯಾಮೆರಾಗಳು ಕಪಾಟಿನಲ್ಲಿವೆಯೇ, ವಿದ್ಯಾರ್ಥಿಗಳ ಕೈಯಲ್ಲಿವೆಯೇ? ಬಹುಮಾನ ಬಂದ ಕಿರುಚಿತ್ರವನ್ನು ಎಲ್ಲರೂ ತೋರಿಸುತ್ತಾರೆ. ಸಾಧಾರಣ ವಿದ್ಯಾರ್ಥಿಯ ಕೊನೆಯ ವರ್ಷದ ಕೆಲಸ ತೋರಿಸಿ ಎನ್ನಿ. ಕಲಿಸುವವರು ಈಗಲೂ ಈ ವೃತ್ತಿಯಲ್ಲಿ ಇದ್ದಾರೆಯೇ ಎಂದು ಕೇಳಿ. ಉಪಕರಣ ಕೆಟ್ಟರೆ ನಷ್ಟ ಯಾರ ತಲೆಗೆ ಎಂಬುದನ್ನು ಬರವಣಿಗೆಯಲ್ಲೇ ಕೇಳಿ.

ಹೆಣ್ಣುಮಗಳು ಎಂದಿದ್ದೀರಿ. ಏನೂ ಆಗುವುದಿಲ್ಲ, ಧೈರ್ಯದಿಂದ ಕಳುಹಿಸಿ ಎಂದು ಹಗುರವಾಗಿ ಹೇಳಲಾರೆ. ಮಲೆಯಾಳ ಚಿತ್ರರಂಗದಲ್ಲಿ ಹೆಂಗಸರ ಸ್ಥಿತಿಯ ಬಗ್ಗೆ ತಿಳಿಯಲು 2017ರಲ್ಲಿ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿ 2019ರ ಕೊನೆಗೆ ವರದಿ ಕೊಟ್ಟಿತು. ಅದು ಜನರಿಗೆ ಓದಲು ಸಿಕ್ಕಿದ್ದು 2024ರ ಆಗಸ್ಟಿನಲ್ಲಿ. ಕಿರುಕುಳದ ಮಾತು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಶೂಟಿಂಗ್ ಸ್ಥಳದಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಕೋಣೆಯಿಲ್ಲ, ಕೆಲಸಕ್ಕೆ ಲಿಖಿತ ಕರಾರಿಲ್ಲ ಎಂಬ ಭಾಗ ಅಷ್ಟು ಸುದ್ದಿಯಾಗಲಿಲ್ಲ, ಆದರೆ ತಂತ್ರಜ್ಞೆಯಾಗಿ ಹೋಗುವವಳಿಗೆ ದಿನನಿತ್ಯ ಎದುರಾಗುವುದು ಅದು. ಚಿತ್ರ ನಿರ್ಮಾಣ ಘಟಕಗಳಲ್ಲಿ ಆಂತರಿಕ ದೂರು ಸಮಿತಿ ಇರಬೇಕೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ನೀವು ನೋಡುವ ಸಂಸ್ಥೆಯಲ್ಲೂ ಅಂಥ ಸಮಿತಿ ಇದೆಯೇ, ಅದರ ಸದಸ್ಯರ ಹೆಸರು ಗೋಡೆಯ ಮೇಲಿದೆಯೇ, ರಾತ್ರಿ ಶೂಟಿಂಗ್ ಇದ್ದರೆ ವಸತಿಗೆ ತಲುಪಿಸುವ ಹೊಣೆ ಯಾರದು ಎಂದು ವಿಚಾರಿಸಿ. ಮುಜುಗರ ಬೇಡ. ಈ ಪ್ರಶ್ನೆಗೆ ಮುಖ ಸಿಂಡರಿಸುವವರ ಹತ್ತಿರ ಮಗಳನ್ನು ಬಿಡಬಾರದು. ಹೆಂಗಸರ ಕೈಯಲ್ಲಿ ಈ ಭಾರದ ಕೆಲಸ ಆದೀತೇ ಎಂಬುದು ನಿಮ್ಮ ಸಂಶಯವಾದರೆ, 2011ರಿಂದ ಈಚೆಗೆ ತೆಂಗು ಅಭಿವೃದ್ಧಿ ಮಂಡಳಿಯ ತರಬೇತಿ ಪಡೆದು ಯಂತ್ರ ಕಟ್ಟಿ ತೆಂಗಿನ ಮರ ಏರುತ್ತಿರುವ ಹೆಂಗಸರನ್ನು ನೆನಪಿಸಿಕೊಳ್ಳಿ. ಕ್ಯಾಮೆರಾ ಅದಕ್ಕಿಂತ ಹಗುರ.

ಅತ್ತಲೂ ಅಲ್ಲ, ಇತ್ತಲೂ ಅಲ್ಲ ಎಂಬ ನಿಮ್ಮ ಕೊರಗಿನ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ ವಿರುದ್ಧ. ಈ ರಂಗದಲ್ಲಿ ನಿಮ್ಮ ಮಗಳ ದೊಡ್ಡ ಬಂಡವಾಳವೇ ಅದು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಕಚೇರಿಯಲ್ಲಿ ಮಲೆಯಾಳ ಎಂದು ಬೆಳೆದ ಮಗುವಿನ ಕಿವಿಗೆ ಇರುವ ಅಭ್ಯಾಸ ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕನ್ನಡದಲ್ಲಿ ಡಬ್ಬಿಂಗ್ ದಶಕಗಳ ಕಾಲ ನಿಷಿದ್ಧವೆಂಬಂತೆಯೇ ಇತ್ತು. 2015ರಲ್ಲಿ, ವ್ಯಾಪಾರದಲ್ಲಿ ಮುಕ್ತ ಸ್ಪರ್ಧೆಯನ್ನು ಕಾಯುವ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ನಂತರ ಬಾಗಿಲು ತೆರೆಯಿತು. ಈಗ ಮಲೆಯಾಳದ ಚಿತ್ರಗಳು ಕನ್ನಡದ ಮಾತಿನಲ್ಲಿ ಬರುತ್ತಿವೆ. ಅದರ ಸಂಭಾಷಣೆ ಕೇಳಿದ್ದೀರಾ? ತುಟಿಯ ಚಲನೆಗೆ ಹೊಂದಿಸುವ ಅವಸರದಲ್ಲಿ ಯಾರೂ ಆಡದ ಕನ್ನಡವೊಂದು ಹುಟ್ಟಿಕೊಂಡಿದೆ. ಎರಡೂ ಭಾಷೆಯ ಬೈಗುಳ, ಲಾಲಿ, ಗೊಣಗಾಟ ಎಲ್ಲವನ್ನೂ ಬಲ್ಲವರು ಆ ಮೇಜಿನ ಮುಂದೆ ಕುಳಿತರೆ ಆಗುವ ವ್ಯತ್ಯಾಸ ಸಣ್ಣದಲ್ಲ. ಡಬ್ಬಿಂಗ್, ಸಬ್‌ಟೈಟಲ್, ಸೆಟ್ಟಿನಲ್ಲಿ ಸಂಭಾಷಣೆ ನೋಡಿಕೊಳ್ಳುವುದು, ಧ್ವನಿ ಸಂಕಲನ, ಎಲ್ಲವೂ ಭಾಷೆ ಬಲ್ಲ ಕಿವಿ ಬೇಡುವ ಕೆಲಸಗಳು. ಮಂಗಳೂರಿನ ತುಳು ಚಿತ್ರರಂಗ ಪಕ್ಕದಲ್ಲೇ ಇದೆ. ಮಲೆಯಾಳದವರು ಚಿತ್ರೀಕರಣಕ್ಕೆ ನಮ್ಮ ಕಾಸರಗೋಡಿಗೇ ಬರುತ್ತಿದ್ದಾರೆ. ಕ್ಯಾಮೆರಾ ತರಗತಿಗೆ ಎಲ್ಲರೂ ಮುಗಿಬೀಳುವಾಗ ಧ್ವನಿಯ ತರಗತಿಯಲ್ಲಿ ಜಾಗ ಉಳಿದಿರುತ್ತದೆ. ನಿಮ್ಮ ಮಗಳು ನನ್ನ ಮಾತು ಕೇಳುವುದಾದರೆ ಧ್ವನಿಯನ್ನೇ ಆರಿಸಿಕೊಳ್ಳಲಿ. ಕೇಳದಿದ್ದರೆ ಬೇಸರವಿಲ್ಲ, ಮೊದಲ ಆರು ತಿಂಗಳು ಎಲ್ಲ ವಿಭಾಗವನ್ನೂ ಮುಟ್ಟಿಸುವ ಕೋರ್ಸನ್ನು ಹುಡುಕಿ. ಅಲ್ಲಿ ಕೈ ಯಾವುದಕ್ಕೆ ಒಗ್ಗುತ್ತದೆಂದು ಅವಳಿಗೇ ತಿಳಿಯುತ್ತದೆ.

ಕರ್ನಾಟಕಕ್ಕೆ ಕಳುಹಿಸುವುದಾದರೆ ಒಂದು ಕಾಗದದ ಕೆಲಸವಿದೆ. ಅಲ್ಲಿನ ವೃತ್ತಿಶಿಕ್ಷಣದ ಪ್ರವೇಶಗಳಲ್ಲಿ ಕಾಸರಗೋಡು, ಮಂಜೇಶ್ವರ ತಾಲೂಕಿನ ಕನ್ನಡ, ತುಳು ಮನೆಮಾತಿನ ಮಕ್ಕಳನ್ನು ಗಡಿನಾಡ ಕನ್ನಡಿಗರೆಂದು ಪರಿಗಣಿಸುವ ಕ್ರಮವಿದೆ. ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರವೂ ಶಾಲೆಯ ವ್ಯಾಸಂಗ ಪತ್ರವೂ ಬೇಕಾಗುತ್ತವೆ. ಆಯಾ ಸಂಸ್ಥೆಯ ಈ ವರ್ಷದ ಪ್ರಕಟಣೆ ನೋಡಿಕೊಂಡು ಮೊದಲೇ ಅರ್ಜಿ ಹಾಕಿ, ತಾಲೂಕು ಕಚೇರಿಯಲ್ಲಿ ಎಷ್ಟು ದಿನ ಹಿಡಿಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮತ್ತು ಸೇರುವ ಮೊದಲೇ ದುಬಾರಿ ಕ್ಯಾಮೆರಾ ಕೊಡಿಸಬೇಡಿ, ಎರಡು ವರ್ಷದಲ್ಲಿ ಅದು ಹಳತಾಗುತ್ತದೆ. ಸದ್ಯಕ್ಕೆ ಕಿವಿ ಪೂರ್ತಿ ಮುಚ್ಚುವ ಒಂದು ಒಳ್ಳೆಯ ಹೆಡ್‌ಫೋನ್ ಸಾಕು.