ಸ್ಟಾರ್ ವಾರ್ಸ್ ಸಿನಿಮಾಗಳ ಸರ್ವಾಧಿಕಾರಿ ಸಾಮ್ರಾಜ್ಯಕ್ಕೂ ಸ್ಟಾರ್ ಟ್ರೆಕ್ ಧಾರಾವಾಹಿಗಳಲ್ಲಿ ಬರುವ ಗ್ರಹಗಳ ಒಕ್ಕೂಟವಾದ ಫೆಡರೇಷನ್‌ಗೂ ಯುದ್ಧವಾದರೆ ಗೆಲ್ಲೋದು ಯಾರು?

ನನ್ನ ಪ್ರಕಾರ ಸಾಮ್ರಾಜ್ಯವೇ. ಕಾರಣ ಗ್ರಹವನ್ನೇ ಪುಡಿಮಾಡಬಲ್ಲ ಅದರ ಡೆತ್ ಸ್ಟಾರ್ ಅಲ್ಲ, ಓಡಾಟದ ವೇಗ. 1995ರಲ್ಲಿ ಶುರುವಾದ ಸ್ಟಾರ್ ಟ್ರೆಕ್‌ನ ‘ವಾಯೇಜರ್’ ಧಾರಾವಾಹಿಯಲ್ಲಿ ಫೆಡರೇಷನ್ನಿನ ಹಡಗೊಂದು ಮನೆಯಿಂದ ಸುಮಾರು 70,000 ಜ್ಯೋತಿರ್ವರ್ಷ ದೂರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಪೂರ್ತಿ ವೇಗದಲ್ಲಿ ಹೊರಟರೂ ವಾಪಸ್ ಬರಲು 75 ವರ್ಷ ಬೇಕಂತೆ! ಸ್ಟಾರ್ ವಾರ್ಸ್‌ನವರು ಹೈಪರ್‌ಸ್ಪೇಸ್ ಎಂಬ ಅಡ್ಡದಾರಿಗೆ ಜಿಗಿದು ಅಷ್ಟು ದೂರವನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತಾರೆ. ಹಾಗಾಗಿ ಎಲ್ಲಿ, ಯಾವಾಗ ಹೊಡೆಯಬೇಕು ಎಂದು ತೀರ್ಮಾನಿಸುವವರು ಅವರೇ. ಫೆಡರೇಷನ್ ಸಹಾಯಕ್ಕೆ ಹಡಗು ಕಳಿಸುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ಫೆಡರೇಷನ್ ಬಳಿ ಮನುಷ್ಯರನ್ನೂ ಸಾಮಾನನ್ನೂ ಕ್ಷಣದಲ್ಲಿ ಬೇರೆಡೆ ಸಾಗಿಸುವ ಟ್ರಾನ್ಸ್‌ಪೋರ್ಟರ್ ಇದೆಯಲ್ಲ, ಅದರಲ್ಲಿ ಬಾಂಬ್ ಕಳಿಸಬಹುದಲ್ವಾ? ಕಳಿಸಬಹುದು. ಆದರೆ ಸಾಮಾನ್ಯವಾಗಿ ಎದುರಾಳಿಯ ಶೀಲ್ಡ್, ಅಂದರೆ ಹಡಗಿನ ಸುತ್ತಲಿನ ಶಕ್ತಿಯ ಕವಚ, ಇಳಿದಿದ್ದರೆ ಮಾತ್ರ. ಸಾಮ್ರಾಜ್ಯದ ದೊಡ್ಡ ಯುದ್ಧನೌಕೆಗಳಿಗೂ ಶೀಲ್ಡ್ ಇದೆ.