ಓದುಗರ ಪ್ರಶ್ನೆ: ಹೆದ್ದಾರಿಯಲ್ಲಿ ಬೆನ್ನಿಗಂಟಿ ಬರುವವರನ್ನು ಏನು ಮಾಡುವುದು?

ಪ್ರಶ್ನೆ: ನಾನು ದಿನವೂ ತುಮಕೂರಿನಿಂದ ಪೀಣ್ಯಕ್ಕೆ ಕಾರಿನಲ್ಲಿ ಓಡಾಡುತ್ತೇನೆ. ಬಲಬದಿಯ ಲೇನ್ ಹಿಡಿದ ಲಾರಿಗಳು ದಾರಿ ಬಿಡುವುದಿಲ್ಲ. ಹಿಂದಿನವರು ಲೈಟು ಹೊಡೆಯುತ್ತಾ ಬಂಪರಿಗೇ ಅಂಟಿಕೊಳ್ಳುತ್ತಾರೆ. ಎಡಕ್ಕೆ ಸರಿದರೆ ಎದುರಿನಿಂದಲೇ ಬೈಕುಗಳು ಬರುತ್ತವೆ. ಅಂಟಿಕೊಂಡು ಬರುವವರಿಗೆ ಬುದ್ಧಿ ಬರಲೆಂದು ಒಮ್ಮೊಮ್ಮೆ ಸುಮ್ಮನೆ ಬ್ರೇಕ್ ಒತ್ತುತ್ತೇನೆ. ಮನೆಯವರು ಬೇಡವೆನ್ನುತ್ತಾರೆ. ಯಾರದು ಸರಿ?
– ಹೆಸರು ಬೇಡ, ತುಮಕೂರು

ಉತ್ತರ: ಮನೆಯವರದೇ ಸರಿ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ನಿಮ್ಮ ಬ್ರೇಕ್ ದೀಪ ಕಂಡು ಹಿಂದಿನವನ ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲೇ ಅಷ್ಟು ದೂರ ಕಳೆದುಹೋಗುವಾಗ, ನಿಮ್ಮಿಬ್ಬರ ನಡುವೆ ಐದಾರು ಮೀಟರ್ ಮಾತ್ರ ಇದ್ದರೆ ಏನಾದೀತೆಂದು ನೀವೇ ಊಹಿಸಿಕೊಳ್ಳಿ. ಅಂಥವನು ಕನ್ನಡಿಯಲ್ಲಿ ಕಂಡಾಗ ಆಕ್ಸಿಲರೇಟರ್ ಮೇಲಿನ ಕಾಲನ್ನು ಮೆಲ್ಲಗೆ ಸಡಿಲಿಸಿ, ಮುಂದಿನ ವಾಹನಕ್ಕೂ ನಿಮಗೂ ನಡುವಿನ ಅಂತರವನ್ನು ಹೆಚ್ಚಿಸಿಕೊಳ್ಳಿ. ಮುಂದೆ ಜಾಗವಿದ್ದರೆ ನೀವು ಹಠಾತ್ತನೆ ಬ್ರೇಕ್ ಹಾಕಬೇಕಾದ ಸಂದರ್ಭವೇ ಕಡಿಮೆಯಾಗುತ್ತದೆ. ಎಡಕ್ಕೆ ಅವಕಾಶ ಸಿಕ್ಕೊಡನೆ ಇಂಡಿಕೇಟರ್ ಹಾಕಿ ಅವನನ್ನು ಕಳುಹಿಸಿಬಿಡಿ. ಇದು ಸೋಲಲ್ಲ, ಅಪಾಯ ನಿಮ್ಮ ಹಿಂದೆ ಇರುವುದಕ್ಕಿಂತ ಮುಂದೆ, ಕಣ್ಣಿಗೆ ಕಾಣುವಂತಿರುವುದು ಲೇಸು.

ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನೀವು ಆ ಕಂಬವನ್ನು ತಲುಪಲು ಕನಿಷ್ಠ ಎರಡು ಸೆಕೆಂಡು ಹಿಡಿಯಬೇಕು, ಮಳೆಯಲ್ಲಿ ನಾಲ್ಕು. ಆ ಜಾಗಕ್ಕೆ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ, ನಿಜ. ನುಗ್ಗಲಿ, ನೀವು ಮತ್ತಷ್ಟು ಹಿಂದೆ ಸರಿಯಿರಿ.

ಲಾರಿಗಳ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಎಡ ಲೇನಿನಲ್ಲಿ ಕೆಟ್ಟು ನಿಂತ ವಾಹನಗಳು, ಪ್ರಯಾಣಿಕರಿಗಾಗಿ ಕಾಯುವ ಆಟೋಗಳು, ಯೂ-ಟರ್ನ್ ದೂರವೆಂದು ವಿರುದ್ಧ ದಿಕ್ಕಿನಲ್ಲಿ ಬರುವ ಬೈಕುಗಳು ಇರುವವರೆಗೆ ಲಾರಿಯವನು ಬಲವನ್ನು ಸುಲಭವಾಗಿ ಬಿಡಲಾರ. ತಾಳ್ಮೆಗೆಟ್ಟು ಅವನ ಎಡಬದಿಯಿಂದ ನುಸುಳಿ ಹೋಗುವುದು ಮಾತ್ರ ಬೇಡ. ಚಾಲಕ ಬಲಗಡೆ ಕುಳಿತಿರುವುದರಿಂದ ಅವನಿಗೆ ಕಾಣದ ಭಾಗ ಎಡಗಡೆಯೇ ಹೆಚ್ಚು. ಲಾರಿಯ ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲವೆಂದೇ ತಿಳಿಯಿರಿ. ತುಮಕೂರಿನಿಂದ ನೆಲಮಂಗಲದವರೆಗಿನ ಸುಮಾರು 40 ಕಿ.ಮೀ.ಯನ್ನು 80ರ ಬದಲು 100ರಲ್ಲಿ ಓಡಿಸಿದರೂ ಉಳಿಯುವುದು ಆರೇ ನಿಮಿಷ, ಅದನ್ನೂ ಟೋಲ್ ಸಾಲು ನುಂಗಬಹುದು.

ಕಾನೂನು ಇಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 184ನೆಯ ಸೆಕ್ಷನ್, 2019ರ ತಿದ್ದುಪಡಿಯ ನಂತರ, ವಿರುದ್ಧ ದಿಕ್ಕಿನಲ್ಲಿ ಓಡಿಸುವುದನ್ನೂ ಮೊಬೈಲ್ ಹಿಡಿದು ಓಡಿಸುವುದನ್ನೂ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಡ್ಯಾಶ್‌ಕ್ಯಾಮ್ ಹಾಕಿಸಿಕೊಂಡರೆ ದೂರಿಗೆ ಬಲ ಬರುತ್ತದೆ. ರಸ್ತೆಯಲ್ಲಿ ಕೆಟ್ಟು ನಿಂತ ಲಾರಿ ಕಂಡರೆ ಹೆದ್ದಾರಿ ಪ್ರಾಧಿಕಾರದ 1033ಕ್ಕೆ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಅದೂ ವಾಹನವನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿದ ಮೇಲೆ, ಇಲ್ಲವೇ ಪಕ್ಕದಲ್ಲಿ ಕುಳಿತವರಿಂದ.

ಪ್ರಶ್ನೆ: ಮಂಡ್ಯದಿಂದ ಬಿಡದಿಯ ಕಾರ್ಖಾನೆಗೆ ನಮ್ಮನ್ನು ಕರೆದೊಯ್ಯುವ ವ್ಯಾನಿನ ಚಾಲಕ ಸ್ಟೀರಿಂಗ್ ಹಿಡಿದೇ ಮೊಬೈಲ್ ನೋಡುತ್ತಾನೆ. ಹೇಳಿದರೆ ಮುಖ ಗಂಟಿಕ್ಕುತ್ತಾನೆ.
– ಒಬ್ಬ ಉದ್ಯೋಗಿ, ಮಂಡ್ಯ

ಉತ್ತರ: ಓಡುತ್ತಿರುವ ವ್ಯಾನಿನಲ್ಲಿ ಜಗಳಕ್ಕಿಳಿಯಬೇಡಿ. ಇಳಿದ ಮೇಲೆ ನಾಲ್ಕು ಜನ ಸೇರಿ, ಮರ್ಯಾದೆಯಿಂದಲೇ, ಕರೆ ಬಂದರೆ ಸರ್ವೀಸ್ ರಸ್ತೆಗೆ ಇಳಿದು ನಿಲ್ಲಿಸಲಿ, ಐದು ನಿಮಿಷ ತಡವಾದರೂ ನಾವು ದೂರುವುದಿಲ್ಲ ಎಂದು ಹೇಳಿ; ಎಷ್ಟೋ ಸಲ ಆ ಕರೆ ವ್ಯಾನ್ ಎಲ್ಲಿದೆ ಎಂದು ಕೇಳುವ ಮೇಲ್ವಿಚಾರಕನದೇ ಆಗಿರುತ್ತದೆ. ಬದಲಾಗದಿದ್ದರೆ ದಿನಾಂಕ, ಸಮಯ, ಸ್ಥಳ ನಮೂದಿಸಿ ಕಾರ್ಖಾನೆಯ ಸಾರಿಗೆ ವಿಭಾಗಕ್ಕೆ ಎಲ್ಲರೂ ಸಹಿ ಮಾಡಿದ ಪತ್ರ ಕೊಡಿ. ವ್ಯಾನಿನ ಗುತ್ತಿಗೆ ಕಾರ್ಖಾನೆಯದಾದ್ದರಿಂದ, ಚಾಲಕನನ್ನು ಬದಲಿಸಿ ಎಂದು ಗುತ್ತಿಗೆದಾರನಿಗೆ ಹೇಳಬೇಕಾದದ್ದೂ ಅವರೇ.