ಮನೆಯಲ್ಲೇ ಮಾಡಿ ಬಾಟಲಿಗೆ ತುಂಬಿದ ಬಿಯರ್‌ನಲ್ಲಿ ಗ್ಯಾಸೇ ಇಲ್ಲ, ಇನ್ನಷ್ಟು ಸಕ್ಕರೆ ಹಾಕಲೇ?

ಬೇಡ, ಸಕ್ಕರೆ ಮುಟ್ಟಲೇಬೇಡಿ. ತುಂಬಿದ ದಿನವೇ ಫ್ರಿಜ್‌ಗೆ ಇಟ್ಟೆ, ವಾರ ಬಿಟ್ಟು ತೆರೆದರೆ ನೊರೆ ಇಲ್ಲ, ಬಾಯಿಗೆ ಸಿಹಿ ಸಿಹಿ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಬಿಯರ್ ಕೆಟ್ಟಿಲ್ಲ. ಸಕ್ಕರೆ ತಿಂದು ಗ್ಯಾಸ್ ಬಿಡುವ ಸೂಕ್ಷ್ಮಜೀವಿ ಯೀಸ್ಟ್ ಚಳಿಗೆ ಮಲಗಿದೆ, ಗ್ಯಾಸ್ ಬರಲೆಂದು ತುಂಬುವಾಗ ನೀವು ಹಾಕಿದ ಸಕ್ಕರೆ ಹಾಗೇ ಉಳಿದಿದೆ.

ಎಲ್ಲ ಬಾಟಲಿಗಳನ್ನೂ ಹೊರಗೆ ತೆಗೆಯಿರಿ. ಒಂದೊಂದನ್ನೂ ಮೆಲ್ಲಗೆ ತಲೆಕೆಳಗು ಮಾಡಿ, ತಳದಲ್ಲಿ ಕೂತ ಯೀಸ್ಟ್ ಮೇಲೇಳಲಿ. ಆಮೇಲೆ 20ರಿಂದ 24 ಡಿಗ್ರಿ ಇರುವ, ಬಿಸಿಲು ಬೀಳದ ಕಡೆ ಎರಡು ಮೂರು ವಾರ ನಿಲ್ಲಿಸಿ. ಯೀಸ್ಟ್ ಸಕ್ಕರೆ ತಿಂದಾಗ ಬರುವ ಗ್ಯಾಸ್‌ಗೆ ಹೊರಹೋಗಲು ದಾರಿ ಇರುವುದಿಲ್ಲ, ಬಿಯರ್‌ನಲ್ಲೇ ಸೇರಿಕೊಳ್ಳುತ್ತದೆ.

ಕಾಯುವುದು ಕಷ್ಟ, ಗೊತ್ತು. ನಾನು ಮೊದಲ ಸಲ ದಿನಕ್ಕೊಂದು ತೆರೆದು ನೋಡಿ, ಬಿಯರ್ ಹದಕ್ಕೆ ಬರುವಷ್ಟರಲ್ಲಿ ಅರ್ಧ ಖಾಲಿ ಮಾಡಿದ್ದೆ! ಈಗ ಪ್ರತಿ ಸಲವೂ ಒಂದನ್ನು ಪ್ಲಾಸ್ಟಿಕ್ ಸೋಡಾ ಬಾಟಲಿಗೆ ತುಂಬುತ್ತೇನೆ. ಹಿಸುಕಿದರೆ ಕಲ್ಲಿನ ಹಾಗೆ ಗಟ್ಟಿ ಇದ್ದರೆ ಗ್ಯಾಸ್ ಬಂದಿದೆ ಅಂತ ಲೆಕ್ಕ.

ಸಕ್ಕರೆ ಬೇಡ ಅಂದದ್ದು ಸುಮ್ನೆ ಅಲ್ಲ. ಲೀಟರಿಗೆ 6 ಗ್ರಾಂ ಆಸುಪಾಸು ಸಾಕು. ಜಾಸ್ತಿ ಆದರೆ ಗಾಜು ಒಡೆಯುತ್ತದೆ. ಮೊದಲ ಹುಳಿಯುವಿಕೆ, ಅಂದರೆ ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಹಂತ, ಮುಗಿಯುವ ಮುಂಚೆ ಬಾಟಲಿಗೆ ತುಂಬಿದರೂ ಅದೇ ಗತಿ. ನಾನು ಒಮ್ಮೆ ಆತುರಪಟ್ಟು ತುಂಬಿ, ನಡುರಾತ್ರಿ ಢಮ್ ಅನ್ನುವ ಸದ್ದಿಗೆ ಎದ್ದಿದ್ದೇನೆ. ತುಂಬುವ ಮುಂಚೆ ಮೂರು ದಿನ ಹೈಡ್ರೋಮೀಟರ್‌ನಲ್ಲಿ (ಸಕ್ಕರೆ ಎಷ್ಟು ಉಳಿದಿದೆ ಅಂತ ತಿಳಿಸುವ ತೇಲುಕಡ್ಡಿ) ಅಂಕಿ ಕದಲದೆ ನಿಂತಿತ್ತಾ, ನೆನಪು ಮಾಡಿಕೊಳ್ಳಿ. ನೋಡೇ ಇಲ್ಲ ಅಂದರೆ ಬಾಟಲಿಗಳನ್ನು ಮುಚ್ಚಳ ಇರುವ ಗಟ್ಟಿ ಡಬ್ಬದಲ್ಲಿಡಿ.

ಗ್ಯಾಸ್ ಬಂತು ಅಂದರೆ ರುಚಿಯೂ ಬಂತು ಅಂತಲ್ಲ. ಹಗುರ ಬಿಯರ್ ತಿಂಗಳೊಳಗೆ ಹದವಾಗುತ್ತದೆ. ಆಲ್ಕೋಹಾಲ್ ಜಾಸ್ತಿ ಇರುವ ಕಪ್ಪು ಬಿಯರ್‌ಗಳಿಗೆ ಕೆಲವು ತಿಂಗಳೇ ಬೇಕು, ಆಮೇಲೆ ಆಲ್ಕೋಹಾಲ್‌ನ ಖಾರ ಇಳಿಯುತ್ತದೆ. ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ಘಮ ಜೋರಾಗಿರುವ ಬಿಯರನ್ನು ಮಾತ್ರ ಇಟ್ಟುಕೊಂಡು ಕೂರಬೇಡಿ, ಘಮವೇ ಮೊದಲು ಹೋಗುವುದು.

ಕುಡಿಯುವ ಮುಂಚೆ ಎರಡು ದಿನ ಫ್ರಿಜ್‌ನಲ್ಲಿಡಿ. ತಣ್ಣಗಿನ ಬಿಯರ್ ಗ್ಯಾಸನ್ನು ಚೆನ್ನಾಗಿ ಹಿಡಿದಿಡುತ್ತದೆ, ಬೆಚ್ಚಗಿದ್ದರೆ ತೆರೆದ ಕೂಡಲೇ ಉಕ್ಕಬಹುದು. ಬಗ್ಗಿಸುವಾಗ ಒಂದೇ ಸಲಕ್ಕೆ ನಿಧಾನವಾಗಿ ಬಗ್ಗಿಸಿ, ತಳದ ಗಷ್ಟು ಬಾಯಿ ತನಕ ಬರುವ ಮುಂಚೆ ನಿಲ್ಲಿಸಿ. ಅದು ಯೀಸ್ಟೇ, ಕುಡಿದರೆ ಏನೂ ಆಗಲ್ಲ, ಹೊಟ್ಟೆ ಸ್ವಲ್ಪ ಗುಡುಗುಡು ಅನ್ನಬಹುದು ಅಷ್ಟೇ.